ಅಣ್ಣನ ವಹಿ, ನನ್ನ ಮಶಿನ್

ಹಿಂದಿನ ಸಲ ಮಸಾಲಿ ಖಾರದ ಪ್ರಮಾಣ ಬರದಿದ್ನೆಲ್ಲಾ, ಅದನ್ನ ಓದಿ ನಿಪ್ಪಾಣಿ ಕಾಕು ಫೋನ್ ಮಾಡಿ "ಕೊಬ್ರಿ ಜಾಸ್ತಿ ಹೇಳೀದಿ, ಖಾರ ಲಗೂನ ಕೆಡತೈತಿ" ಅಂತ ಬೈದ್ರು. ಖರೇನ ಐತಿ, ಕೊಬ್ರಿ ಅರ್ಧಾ ಮಾಡ್ಕೊರಿ.

ಈ ಸಲ ಅಡಗಿ ಮಾತಲ್ಲ. ಮೊನ್ನೆ ನಮ್ಮ ಓಣ್ಯಾಗ ಹಳದಿ-ಕುಂಕುಮಕ್ಕ ಹೋದಾಗ ಬಾಜೂ ಮನಿಯಾಕಿ ಕೇಳಿದಳು, "ಅಕ್ಕಾರ, ಮುಂಜಾನೆ ಹಾಲ ಕಾಸಾಕ ಇಟ್ಟು ಮೊಬೈಲ್‌ನ್ಯಾಗ ಅದೇನ ನೋಡತೀರಿ ದಿನಾ? ಒಂದೆರಡ ಸಲ ಹಾಲ ಉಕ್ಕಿದ ವಾಸನಿ ನಮ್ಮ ಮನಿತನಕ ಬಂದೈತಿ." ನಾ "ಬುದ್ಧಿಬಳ ಆಡತೀನಿ" ಅಂದೆ. ಎಲ್ಲಾರೂ ನಕ್ಕರು. ಐವತ್ತು ದಾಟಿದ ಹೆಂಗಸು, ಸೊಂಟ ನೋವು, ಮನಿ ತುಂಬ ಕೆಲಸ, ಇಕಿಗೆ ಬುದ್ಧಿಬಳ ಅಂತ! ಅದಕ್ಕ ಈ ಆಟದ ಕಥಿ ಬರೀಬೇಕು ಅನಸ್ತು. ಇದರಾಗ ನಾ ಮಾಡಿದ ಒಂದ ತಪ್ಪೂ ಐತಿ. ಅದನ್ನ ಬಿಟ್ಟು ಬರದ್ರ ಕಥಿ ಸುಳ್ಳಾಗತೈತಿ. ಅದಕ್ಕ ಅದನ್ನೂ ಬರೀತೀನಿ.

ನನ್ನ ತವರಮನಿ ರಾಯಬಾಗ ತಾಲೂಕಿನ ಕುಡಚಿ ಹತ್ರ, ಕೃಷ್ಣಾ ದಂಡಿ. ನಮ್ಮಪ್ಪ ಕಬ್ಬು, ಅರಿಶಿಣ ಬೆಳೀತಿದ್ದ. ಅರಿಶಿಣ ಮಾರಾಕ ಸಾಂಗ್ಲಿ ಪ್ಯಾಟಿಗೆ ಹೋಗಬೇಕಲ್ಲ, ಅಲ್ಲಿ ವ್ಯಾಪಾರ ಮುಗಿಯೂತನಕ ಕುಂತು ಕುಂತು ಬುದ್ಧಿಬಳ ಕಲತ. ಸಾಂಗ್ಲಿಗೆ ಮೊದಲಿನಿಂದ ಈ ಆಟದ ಹುಚ್ಚು ಐತಿ. ಭಾವುಸಾಹೇಬ ಪಡಸಲಗೀಕರ ಅನ್ನೋರು ಅಲ್ಲಿ ನೂತನ ಬುದ್ಧಿಬಳ ಮಂಡಳ ಕಟ್ಟಿ ಎಷ್ಟೋ ಮಕ್ಕಳನ್ನ ತಯಾರ ಮಾಡಿದ್ರು. ಅಪ್ಪ ಅಲ್ಲಿಂದ ಒಂದ ಕಟ್ಟಿಗಿ ಪಟ ತಂದಿದ್ದ. ಆನಿ, ಕುದರಿ, ಒಂಟಿ, ವಜೀರ, ರಾಜಾ, ಎಂಟ ಪ್ಯಾದಿ. ಒಂದ ಒಂಟಿ ಕಳದಿತ್ತು, ಅದರ ಜಾಗಾದಾಗ ಹುಣಸಿಬೀಜ ಇಡತಿದ್ವಿ.

ಅಪ್ಪ ಕಲಿಸಿದ್ದು ಅಣ್ಣಗ. ನಾ ಒಲಿ ಮುಂದ ಕುಂತು ದೂರಿಂದ ನೋಡತಿದ್ದೆ. ಒಂದ ವರ್ಷ ಅಣ್ಣ ಕಬ್ಬಿನ ಗಾಡಿ ಮ್ಯಾಲಿಂದ ಬಿದ್ದು ಕಾಲ ಮುರಕೊಂಡ. ಆರ ವಾರ ಪ್ಲಾಸ್ಟರ್. ಸಾಲಿ ಇಲ್ಲ, ಗೆಳ್ಯಾರಿಲ್ಲ. ಅವನ ಬ್ಯಾಸರಕ್ಕ ಅವ್ವ ನನ್ನ ಕೂಡ್ರಿಸಿದ್ಲು. ಹಂಗ ನಾ ಕಲತೆ. ಅದು 1981ರ ಸುಮಾರು. ಅದ ವರ್ಷ ಮುಂಬಯಿಯ ರೋಹಿಣಿ ಖಾಡಿಲಕರ ಏಶಿಯಾ ಮಹಿಳಾ ಚಾಂಪಿಯನ್ ಆಗಿದ್ಲು. ಅವರು ಅಕ್ಕ-ತಂಗ್ಯಾರು ಮೂವರೂ ಆಡತಿದ್ರು. 1974ರಾಗ ದೇಶದ ಮೊದಲ ಮಹಿಳಾ ಚಾಂಪಿಯನ್ ಆದಾಕಿ ಅವರಾಗಿನ ವಾಸಂತಿ. ಪೇಪರ್‌ನ್ಯಾಗ ಬಂದ ಫೋಟೋ ಅಪ್ಪ ನನಗ ತೋರಿಸಿ "ನೋಡ, ಹೆಣ್ಣಮಕ್ಕಳೂ ಆಡತಾರ" ಅಂದಿದ್ದ. ಮುಂದ ಪಿಯುಸಿ ಆತು, ಅಥಣಿಗೆ ಮದಿವಿ ಮಾಡಿ ಕೊಟ್ರು, ಆಟ ಅಲ್ಲೇ ಉಳೀತು.

ಅಣ್ಣ ಸಾಂಗ್ಲಿಯೊಳಗ ಕಾಲೇಜ ಓದಿದ. ಅಲ್ಲಿ ಪುಸ್ತಕದಾಗಿನ ಆಟಗೋಳನ್ನ ಒಂದ ಕೆಂಪ ರಟ್ಟಿನ ವಹಿಯೊಳಗ ಬರಕೊಂಡಿದ್ದ. ಬಿಳಿಯವರು ಹಿಂಗ ಸುರು ಮಾಡಿದ್ರ ಕರಿಯವರು ಹೆಂಗ ಉತ್ತರ ಕೊಡಬೇಕು, ಎಲ್ಲಿ ಮೋಸ ಐತಿ, ಎಲ್ಲಾ. ಈ ವಹಿ ನೆನಪ ಇಡ್ರಿ, ಮುಂದ ಬರತೈತಿ.

ಅಪ್ಪ ಹೋದಮ್ಯಾಲ 2016ರಾಗ ಹೊಲದ ಮಾತು ಬಂತು. ಎಲ್ಲಾರ ಮನ್ಯಾಗೂ ಬರೂದ. ಅಣ್ಣ ಒಂದ ದಿನ ಬಾಂಡ್ ಪೇಪರ್ ತಗೊಂಡು ಬಂದ, ಹಕ್ಕ ಬಿಡೂ ಪತ್ರ. ನಾ ಪಾಲು ಬೇಡಾವಳಲ್ಲ. ಖರೇ, "ತಂಗೆವ್ವಾ, ಹಿಂಗೈತಿ, ಏನಂತಿ?" ಅಂತ ಒಂದ ಮಾತ ಕೇಳಬೇಕಿತ್ತು. ಕೇಳಲಿಲ್ಲ. ಎಲ್ಲಿ ಸಹಿ ಮಾಡಬೇಕು ಅನ್ನೂದನ್ನ ಬಟ್ಟ ಇಟ್ಟು ತೋರಿಸಿದ. ನಾ ಸಹಿ ಮಾಡಿದೆ, ಚಾ ಕೊಟ್ಟೆ, ಅವ ಹೋದ. ಅಲ್ಲಿಂದ ನಾಕ ವರ್ಷ ಮದಿವಿ-ಮುಂಜಿಯೊಳಗ "ಅರಾಮ?" "ಅರಾಮ" ಇಷ್ಟ. ಪಂಚಮಿಗೂ ಹೋಗಲಿಲ್ಲ.

2020ರ ಲಾಕ್‌ಡೌನ್‌ದಾಗ ಅಣ್ಣನ ಮಗ ಪುಣೆದಿಂದ ಊರಿಗೆ ಬಂದು ಮನಿಯಿಂದ ಕೆಲಸ ಮಾಡಾಕತ್ತ. ಶ್ರಾವಣದಾಗ ಒಂದ ದಿನ ಫೋನ್ ಮಾಡಿ, "ಅತ್ತಿ, ನಿಮ್ಮ ಮೊಬೈಲ್‌ಗೆ ಒಂದ ಆ್ಯಪ್ ಹಾಕಸ್ತೀನಿ. ಅಪ್ಪ ನಿಮ್ಮನ್ನ ಆಟಕ್ಕ ಕರದಾರ" ಅಂದ. ಅಣ್ಣ ಕರದಿದ್ನೋ, ಇವನ ಕಾರಭಾರೋ, ಇವತ್ತಿಗೂ ಕೇಳಿಲ್ಲ. ಒಂದ ನಡಿ ಇಡಾಕ ಮೂರ ದಿನ ಟೈಮ್ ಇರೂ ಸಾವಕಾಶದ ಆಟ. ನಾ ಹಾಲ ಕಾಸೂ ಹೊತ್ತಿಗೆ ಅವನ ನಡಿ ಬಂದಿರತಿತ್ತು, ನಾ ಸಂಜಿಮುಂದ ಉತ್ತರ ಕೊಡತಿದ್ದೆ. ಮಾತಿಲ್ಲ, ಕಥಿಯಿಲ್ಲ. ಆದ್ರ ಕುದರಿ ಬಂತು ಅಂದ್ರ ಅಣ್ಣ ಎದ್ದಾನ, ಚಾ ಕುಡದಾನ, ಅರಾಮ ಅದಾನ ಅಂತ ತಿಳೀತಿತ್ತು. ಆ ರೋಗದ ದಿನದಾಗ ಅದ ದೊಡ್ಡದಿತ್ತು ನನಗ.

ಖರೇ, ಸೋತೆ. ಒಂದಲ್ಲ ಎರಡಲ್ಲ, ಒಂಬತ್ತ ಆಟ ಸಾಲಾಗಿ ಸೋತೆ. ಒಂದ ದಿನ ವೈನಿ ಫೋನ್‌ದಾಗ ಮಾತಾಡುವಾಗ ಹಗೂರಕ ಅಂದ್ರು, "ನಿಮ್ಮಣ್ಣ ಆ ಹಳೇ ಕೆಂಪ ವಹಿ ತಗದ ಇಟಗೊಂಡ ಕುಂದರ್ತಾರ ನೋಡ್ರಿ, ಊಟಕ್ಕ ಕರದ್ರೂ ಏಳೂದಿಲ್ಲ." ನನ್ನ ಹೊಟ್ಟಿಯೊಳಗ ಬೆಂಕಿ ಬಿತ್ತು. ಓಹೋ, ನಾ ಇಲ್ಲಿ ರೊಟ್ಟಿ ಬಡಕೋತ ತಲಿ ಕೆಡಸ್ಕೊಂಡ ಆಡಬೇಕು, ಅವ ವಹಿ ನೋಡಿ ಆಡಬೇಕು! ಹೊಲದಾಗೂ ಹಂಗ, ಆಟದಾಗೂ ಹಂಗ, ಅನಸ್ತು.

ಆವಾಗ ಚಿಕ್ಕೋಡಿ ಮಗಳ ಮಗ ನಮ್ಮ ಮನ್ಯಾಗ ಇದ್ದ, ಹನ್ನೆರಡ ವರ್ಷದಾಂವ, ಸಾಲಿ ಎಲ್ಲಾ ಮೊಬೈಲ್‌ದಾಗ. ನಾ ಬೇಜಾರಾಗಿ ಕುಂತದ್ದ ನೋಡಿ, "ಅಮ್ಮಾ, ಇದರಾಗ ಪಟ ಹೊಂದಿಸಿ ಇಡ, ಅದ ಹೇಳತೈತಿ" ಅಂತ ಬ್ಯಾರೆ ಒಂದ ಆ್ಯಪ್ ತಗದ ಕೊಟ್ಟ. ಅದಕ್ಕ ಎಂಜಿನ್ ಅಂತಾರ. ಅದರ ಹೆಸರು ಸ್ಟಾಕ್‌ಫಿಶ್, ಅಂದ್ರ ಒಣಗಿಸಿದ ಮೀನ. ನಾರ್ವೆ ದೇಶದವರೊಬ್ಬರು, ಇಟಲಿ ದೇಶದವರೊಬ್ಬರು ಕೂಡಿ ಮಾಡಿದ್ದು. ನಾರ್ವೆದಾಗ ತಯಾರಾಗಿ ಇಟಲಿಯೊಳಗ ಅಡಗಿ ಆದದ್ದು ಅಂತ ಚಾಷ್ಟಿಗೆ ಆ ಹೆಸರ ಇಟ್ರಂತ. 2008ರಾಗ ಬಂದದ್ದು, ಒಂದ ರೂಪಾಯಿನೂ ಕೊಡೂದ ಬ್ಯಾಡ. 1997ರಾಗ ಐಬಿಎಂ ಕಂಪನಿಯ ಡೀಪ್ ಬ್ಲೂ ಅನ್ನೋ ಕಂಪ್ಯೂಟರ್ ಜಗತ್ತಿನ ಚಾಂಪಿಯನ್ ಕಾಸ್ಪರೋವ್ ಅವರನ್ನ ಸೋಲಿಸಿದಾಗ ಅದು ದೊಡ್ಡ ಕಪಾಟಿನಂಗ ಇತ್ತು. ಈಗ ಅದಕ್ಕಿಂತ ಚೊಲೋ ಆಡೂದು ನಮ್ಮ ಕೈಯಾಗಿನ ಫೋನ್‌ದಾಗ ಐತಿ. ನಮ್ಮ ಶಾಖಾಹಾರಿ ಮನ್ಯಾಗ ಒಣಮೀನ ಬಂದ ಕುಂತಿತ್ತು, ಯಾರಿಗೂ ವಾಸನಿ ಬರಲಿಲ್ಲ.

ಅಣ್ಣನ ನಡಿ ಬಂದ ಕೂಡಲೇ ಅದರಾಗ ಇಡತಿದ್ದೆ, ಅದ ಹೇಳಿದ್ದ ಇಲ್ಲಿ ಆಡತಿದ್ದೆ. 2021ರ ಯುಗಾದಿ ಹೊತ್ತಿಗೆ ಸುರು ಮಾಡಿದೆ. ಗೆದ್ದೆ. ಮತ್ತ ಗೆದ್ದೆ. ನಾಕ ಆಟ ಗೆದ್ದಮ್ಯಾಲ ಒಂದ ಸಂಜಿ ಫೋನ್ ಬಂತು. ಐದ ವರ್ಷದಾಗ ಅಣ್ಣ ತಾನ ಆಗಿ ಮಾಡಿದ ಮೊದಲನೇ ಫೋನ್ ಅದು. "ತಂಗೆವ್ವಾ, ಏನ ಆಡತೀಯವಾ! ಆ ಕುದರಿ ಬಲಿ ಕೊಟ್ಟೀಯಲ್ಲಾ, ನಾ ರಾತ್ರಿಯೆಲ್ಲಾ ಮಲಗಿಲ್ಲ. ಅಪ್ಪ ಇರಬೇಕಿತ್ತು." ಅವನ ದನಿ ನಡಗತಿತ್ತು. ನನಗ ಏನಂತ ಹೇಳೂದು ತಿಳೀಲಿಲ್ಲ. ಹಂಚಿನ ಮ್ಯಾಲ ರೊಟ್ಟಿ ಐತಿ ಅಂತ ಸುಳ್ಳ ಹೇಳಿ ಫೋನ್ ಇಟ್ಟೆ.

ಆ ರಾತ್ರಿ ನಮ್ಮ ಮನಿಯವರ ಮುಂದ ಹೇಳಿದೆ. ಅವರು "ಆಟಾನ ಅಲ್ಲೇನ, ಬಿಡ" ಅಂದು ಹೊಳ್ಳಿ ಮಲಗಿದ್ರು. ನನಗ ನಿದ್ದಿ ಬರಲಿಲ್ಲ. ಆದ್ರೂ ಬಿಡಲಿಲ್ಲ ನೋಡ್ರಿ. ಮುಂದಿನ ಆಟಕ್ಕೂ ಒಣಮೀನದ ಕಡೇನ ಹೋದೆ. ಈಗ ಬಿಟ್ರ ಸೋಲತೀನಿ, ಸೋತ್ರ ಅಣ್ಣಗ ಸಂಶಯ ಬರತೈತಿ ಅನ್ನೋ ಹೆದರಿಕಿ.

ಅಷ್ಟರಾಗ 2021ರ ಜೂನ್ 13, ಆಯ್ತವಾರ. ಕೊರೋನಾಕ್ಕ ರೊಕ್ಕ ಕೂಡಸಾಕ ಒಂದ ಆಟ ಇಟ್ಟಿದ್ರು. ವಿಶ್ವನಾಥನ್ ಆನಂದ್ ಅವರು ಒಂದ ಹೊತ್ತಿಗೆ ದೊಡ್ಡ ದೊಡ್ಡ ಮಂದಿ ಜೋಡಿ ಕಂಪ್ಯೂಟರ್ ಮ್ಯಾಲ ಆಡೂದು. ಆಮೀರ್ ಖಾನ್, ಕ್ರಿಕೆಟಿನ ಚಹಲ್, ಹಾಡು ಹಾಡೂ ಅರಿಜಿತ್ ಸಿಂಗ್, ಮತ್ತ ನಮ್ಮ ಕಿಚ್ಚ ಸುದೀಪ. ಬಂದ ರೊಕ್ಕ ಅಕ್ಷಯಪಾತ್ರದವರಿಗೆ, ಸಾಲಿ ಮಕ್ಕಳಿಗೆ ಬಿಸಿಯೂಟ ಮಾಡತಾರಲ್ಲ, ಅವರಿಗೆ. ಸುದೀಪ ಅದಾನ ಅಂತ ನಾನೂ ಮೊಮ್ಮಗನೂ ನೋಡಿದ್ವಿ. ಸುದೀಪ ಸೋತ, ಅದ ಏನ ದೊಡ್ಡ ಮಾತಲ್ಲ. ಆದ್ರ ಬೆಂಗಳೂರಿನ ನಿಖಿಲ್ ಕಾಮತ್, ಜೀರೋಧಾ ಅನ್ನೋ ಶೇರ್ ವ್ಯವಹಾರದ ಕಂಪನಿ ಕಟ್ಟಿದವರು, ಆನಂದ್ ಅವರನ್ನ ಗೆದ್ರು! ಐದ ಸಲ ಜಗತ್ತಿನ ಚಾಂಪಿಯನ್ ಆದವರನ್ನ.

ಮರುದಿನ ಕಾಮತ್ ಅವರ ಬರದು ಹಾಕಿದ್ರು: ಆಟ ನೋಡಿ ಹೇಳೂ ಮಂದಿದು, ಕಂಪ್ಯೂಟರ್‌ದು ಸಹಾಯ ತಗೊಂಡಿದ್ದೆ, ನಾ ಖರೇನ ಗೆದ್ದೆ ಅಂದ್ರ ಉಸೇನ್ ಬೋಲ್ಟ್ ಜೋಡಿ ನೂರ ಮೀಟರ್ ಓಡಿ ಗೆದ್ದಂಗ, ಚಾಷ್ಟಿಗೆ ಮಾಡಿದ್ದು, ಇಷ್ಟ ಗೊಂದಲ ಆಗತೈತಿ ಅಂತ ತಿಳೀಲಿಲ್ಲ, ಕ್ಷಮಾ ಇರಲಿ ಅಂತ. ಆನಂದ್ ಅವರು ಬೈಲಿಲ್ಲ. ನಾ ಪಟದ ಮ್ಯಾಲಿದ್ದದ್ದ ನೋಡಿ ಆಡಿದೆ, ಉಳದವರಿಂದಲೂ ಅಷ್ಟ ಬಯಸಿದ್ದೆ, ಅನ್ನೂ ಅರ್ಥದ ಮಾತ ಆಡಿದ್ರು. ಚೆಸ್ ಡಾಟ್ ಕಾಮ್‌ದವರು ಕಾಮತ್ ಅವರ ಖಾತೆ ಬಂದ್ ಮಾಡಿ, ದಾನದ ಆಟ, ಲೆಕ್ಕಕ್ಕ ಬರೂದಲ್ಲ ಅಂತ ಮುಂದ ತಗದ ಕೊಟ್ರು.

ಮಂದಿಯೆಲ್ಲಾ ಅವರನ್ನ ಬೈಯೂದ ಬೈಯೂದು. ನನ್ನ ಬಾಯಿಂದ ಒಂದ ಮಾತ ಹೊರಡಲಿಲ್ಲ. ಅವರಿಗೆ ಒಂದ ದಿನದಾಗ ಒಪ್ಪಿಕೊಳ್ಳಾಕ ಆತು, ನನಗ ಎರಡ ತಿಂಗಳಾದ್ರೂ ಆಗಿಲ್ಲ.

ಆದ್ರೂ ಮನಸ್ಸು ಒಂದ ಕಡೆ ಜಗಳ ತಗೀತಿತ್ತು, ಅಣ್ಣ ವಹಿ ನೋಡಿದ್ದ ಸರಿಯೇನು ಅಂತ. ಅಣ್ಣನ ಮಗಗ ಫೋನ್ ಮಾಡಿ ಸುತ್ತಬಳಸಿ ಕೇಳಿದೆ. ಅವ ಚೊಲೋತ್ನ್ಯಾಗಿ ಬಿಡಿಸಿ ಹೇಳಿದ. ನಿಮಗೂ ಹೇಳತೀನಿ, ನಿಮ್ಮ ಮಕ್ಕಳು ಮೊಮ್ಮಕ್ಕಳು ಆಡತಿದ್ರ ಬೇಕಾಗತೈತಿ.

ಐದ ಮಿನಿಟು, ಹತ್ತ ಮಿನಿಟಿನ ಲಗೂ ಆಟ ಐತಲ್ಲ, ಅದರಾಗ ಏನೂ ನೋಡೂಹಂಗಿಲ್ಲ. ಪುಸ್ತಕ ಇಲ್ಲ, ವಹಿ ಇಲ್ಲ, ಬಾಜೂಕ ಕುಂತವರು ಪಿಸಿಪಿಸಿ ಅನ್ನೂಹಂಗಿಲ್ಲ. ನಮ್ಮಂಗ ದಿನಗಟ್ಟಲೆ ಆಡೂ ಸಾವಕಾಶದ ಆಟದ್ದು ಬ್ಯಾರೆ. ಅದು ಮೊದಲಿನ ಪೋಸ್ಟ್‌ಕಾರ್ಡ್ ಆಟದ ಮಗಳು. ಹಿಂದಕ ಮಂದಿ ಒಂದೊಂದ ನಡಿ ಕಾರ್ಡ್ ಮ್ಯಾಲ ಬರದು ಅಂಚಿಗೆ ಹಾಕತಿದ್ರು, ಒಂದ ಆಟ ವರ್ಷಗಟ್ಟಲೆ ನಡೀತಿತ್ತು. ಮನ್ಯಾಗ ಕುಂತಾವ ಪುಸ್ತಕ ತಗದ ನೋಡಿದ್ರ ಹಿಡಿಯವರ್ಯಾರು? ಅದಕ್ಕ ಪುಸ್ತಕಕ್ಕ ಒಪ್ಪಿಗಿ ಇತ್ತು. ಈಗ ಚೆಸ್ ಡಾಟ್ ಕಾಮ್, ಲೀಚೆಸ್ ಎರಡರಾಗೂ ಸಾವಕಾಶದ ಆಟಕ್ಕ ಪುಸ್ತಕ ನೋಡಬಹುದು, ಆಟದ ಸುರುವಾತಿಗೆ ಹಳೇ ಆಟಗೋಳ ಡೇಟಾಬೇಸೂ ನೋಡಬಹುದು. ಎಂಜಿನ್ ಕೇಳೂಹಂಗಿಲ್ಲ. ಇನ್ನ ಕಾರ್ಡಿನ ಆಟದ ಜಾಗತಿಕ ಸಂಘ ಐತಿ, ಐಸಿಸಿಎಫ್ ಅಂತ. ಅಲ್ಲಿ ಎಂಜಿನ್‌ಗೂ ಒಪ್ಪಿಗಿ ಐತಿ, ಯಾಕಂದ್ರ ಇಬ್ಬರಿಗೂ ಗೊತ್ತಿದ್ದ ಆಡತಾರ.

"ಡೇಟಾಬೇಸ್‌ಗೂ ಎಂಜಿನ್‌ಗೂ ಏನ ಫರಕೋ? ಎರಡೂ ಕಂಪ್ಯೂಟರ್‌ದಾಗ ಇರೂದ ಅಲ್ಲೇನು?" ಅಂತ ಕೇಳಿದೆ. ಅವ ಅಂದ: ಡೇಟಾಬೇಸ್ ಅಂದ್ರ ಹಿಂದ ಮಂದಿ ಆಡಿದ ಲಕ್ಷಗಟ್ಟಲೆ ಆಟ ಬರದ ಇಟ್ಟದ್ದು. ಈ ಜಾಗಾದಾಗ ಇಷ್ಟ ಮಂದಿ ಕುದರಿ ತಗದಾರ, ಇಷ್ಟ ಮಂದಿ ಪ್ಯಾದಿ ನೂಕ್ಯಾರ, ಯಾರ ಎಷ್ಟ ಸಲ ಗೆದ್ದಾರ ಅಂತ ತೋರಸ್ತೈತಿ. ನೀ ಏನ ಮಾಡಬೇಕು ಅನ್ನೂದನ್ನ ಹೇಳೂದಿಲ್ಲ. ಮೊದಲನೇ ನಡಿಗೆ ಬಿಳಿಯವರಿಗೆ 20 ದಾರಿ, ಇಬ್ಬರೂ ಒಂದೊಂದ ನಡಿ ಇಟ್ರ 400 ನಮೂನಿ ಆಗತೈತಿ. ಹಿಂಗ ಬೆಳಕೋತ ಹೋಗಿ ಹತ್ತ-ಹದಿನೈದ ನಡಿ ಆಗೂದ್ರಾಗ ಯಾರೂ ಆಡದ ಜಾಗಾಕ್ಕ ಬಂದ ನಿಂತಿರತೀವಿ. ಅಲ್ಲಿಂದ ವಹಿ ಮುಗೀತು, ನಮ್ಮ ತಲಿ ಸುರು. ಎಂಜಿನ್ ಹಂಗಲ್ಲ, ಕಡೀತನಕ ಅದ ವಿಚಾರ ಮಾಡತೈತಿ, ನಮ್ಮ ಕೈ ಬರೇ ಇಡೂದು.

ನನಗ ಅವ್ವನ ಅಡಗಿ ವಹಿ ನೆನಪಾತು. ಹೋಳಿಗಿ ಮಾಡುವಾಗ ಅದನ್ನ ನೋಡತೀನಿ, ಬ್ಯಾಳಿಗೆ ಬೆಲ್ಲ ಎಷ್ಟು ಅಂತ. ಅದಕ್ಕ ಯಾರೂ ಏನೂ ಅನ್ನೂದಿಲ್ಲ. ಹೂರಣ ನೀರಾದ್ರ ವಹಿ ಬಂದ ತಿರುವೂದಿಲ್ಲ, ನಾನ ತಿರುವಬೇಕು. ಅದ ಅಂಗಡಿ ಹೋಳಿಗಿ ತಂದು ನನ್ನ ಡಬ್ಬಿಯೊಳಗ ಹಾಕಿ ಬೀಗರಿಗೆ "ನಾನ ಮಾಡೀನ್ರಿ" ಅಂದ್ರ? ತಂದದ್ದು ತಪ್ಪಲ್ಲ, ಆ ಮಾತು ತಪ್ಪು. ಅಣ್ಣ ವಹಿ ನೋಡಿ ಕೈಲೆ ಮಾಡಿದ್ದ. ನಾ ಅಂಗಡೀದ ಕೊಟ್ಟು ಕೈರುಚಿ ಅನಿಸಿಕೊಂಡಿದ್ದೆ.

ನಾ ಸುಮ್ಮನಾದದ್ದ ನೋಡಿ ಆ ಹುಡುಗ ಅಂದ, "ಅತ್ತಿ, ಆ್ಯಪ್‌ದವರ ಹತ್ರಾನೂ ಎಂಜಿನ್ ಇರತಾವ. ನಮ್ಮ ನಡಿ ಅದರ ನಡಿಗೆ ಎಷ್ಟ ಕೂಡತೈತಿ ಅಂತ ಹೋಲಿಸಿ ನೋಡತಾರ, ಖಾತೆ ಬಂದ್ ಆಗತೈತಿ." ಮತ್ತ ಸ್ವಲ್ಪ ತಡದು, "ಅಪ್ಪಗ ನಾ ಏನೂ ಹೇಳೂದಿಲ್ಲ. ನೀವ ಹೇಳ್ರಿ" ಅಂದ. ಅವಗ ಮೊದಲ ತಿಳದಿತ್ತು.

ಕಾರಹುಣ್ಣಿವಿ ದಿನ, ಜೂನ್ 24, ಅಣ್ಣಗ ಫೋನ್ ಮಾಡಿದೆ. ಎತ್ತಿನ ಸುದ್ದಿ, ಮಳಿ ಸುದ್ದಿ ಆದಮ್ಯಾಲ ಒಮ್ಮೆಲೆ ಹೇಳಿಬಿಟ್ಟೆ. "ಅಣ್ಣಾ, ಆ ಆಟ ನಾ ಗೆದ್ದಿಲ್ಲ. ಆ ಕುದರಿ ನಾ ಕೊಟ್ಟಿದ್ದಲ್ಲ, ಮಶಿನ್ ಹೇಳಿದ್ದು. ಎಲ್ಲಾ ಆಟಾನೂ." ಅಣ್ಣ ಬಾಳ ಹೊತ್ತ ಮಾತಾಡಲಿಲ್ಲ. "ಹ್ಞಾಂ" ಅಂದ. ಫೋನ್ ಇಟ್ಟ.

ಆಟ ನಡದಿತ್ತು, ಅವನ ಪಾಳಿ. ಒಂದ ದಿನ, ಎರಡ ದಿನ, ಮೂರ ದಿನ. ನಾಕನೇ ದಿನ ಮುಂಜಾನೆ ಮೊಬೈಲ್ ತೋರಿಸಿತು, ಟೈಮ್ ಮುಗೀತು, ನೀವು ಗೆದ್ದೀರಿ ಅಂತ. ಅಂಥಾ ಕೆಟ್ಟ ಗೆಲವು ಯಾರಿಗೂ ಬ್ಯಾಡ. ಅವತ್ತ ಒಣಮೀನದ ಆ್ಯಪ್ ತಗದ ಒಗದೆ. ಮೊಮ್ಮಗ "ಅಮ್ಮಾ, ಯಾಕ?" ಅಂತ ಕೇಳಿದ. ಅವಗೂ ಎಲ್ಲಾ ಹೇಳಿದೆ, ಕೊಟ್ಟಾವ ಅವನ ಅಲ್ಲ.

ಜುಲೈ ಕಡೀಕ ನಿಮಗೆಲ್ಲಾರಿಗೂ ನೆನಪೈತಿ, ಹೊಳಿ ಹೆಂಗ ಬಂತು. ಕುಡಚಿ-ಉಗಾರ ಸೇತುವೆ ನೀರಾಗ ಹೋತು. ನಮ್ಮ ಅಥಣಿ ಕಡೆ ಹೊಳಿದಂಡಿ ಮಂದಿ ಸಾಮಾನ ಕಟಗೊಂಡ ಸಾಲಿಯೊಳಗ ಬಂದ ಇಳದಿದ್ರು. ತವರಮನಿಗೆ ಫೋನ್ ಹತ್ತಲಿಲ್ಲ. ಕರೆಂಟ್ ಇಲ್ಲ, ಟಾವರ್ ಇಲ್ಲ. ಎರಡ ದಿನ ಅನ್ನ ಗಂಟಲಾಗ ಇಳೀಲಿಲ್ಲ. ಮೂರನೇ ದಿನ ಮಧ್ಯಾಹ್ನ ಮೊಬೈಲ್ ಟಿಂಗ್ ಅಂತು. ಹೊಸಾ ಆಟಕ್ಕ ಕರದಿದ್ದ. ರಾಜಾನ ಮುಂದಿನ ಪ್ಯಾದಿ, ಎರಡ ಮನಿ. ಅಪ್ಪ ಯಾವಾಗಲೂ ಹಂಗ ಸುರು ಮಾಡತಿದ್ದ. ನಾ ಮೊಬೈಲ್ ಎದಿಗೆ ಹಿಡಕೊಂಡು ದೇವರ ಕೋಲ್ಯಾಗ ಕುಂತು ಅತ್ತೆ. ಆಮ್ಯಾಲ ಎದ್ದು ನನ್ನ ಪ್ಯಾದಿ ಇಟ್ಟೆ.

ಆಗಸ್ಟ್ 13ಕ್ಕ ಪಂಚಮಿ. ಎರಡ ದಿನ ಮೊದಲ ವೈನಿ ಫೋನ್ ಮಾಡಿ "ಬರ್ರಿ, ಜೋಕಾಲಿ ಕಟ್ಟಸ್ತೀನಿ" ಅಂದ್ರು. ಐದ ವರ್ಷದ ಮ್ಯಾಲ ಹೋದೆ. ಗ್ವಾಡಿಗೆ ನೀರ ಏರಿದ ಗೆರಿ ಇನ್ನೂ ಇತ್ತು. ಅಳ್ಳಿಟ್ಟು, ತಂಬಿಟ್ಟು, ಉಂಡಿ ತಿಂದು ಮುಗಿದಮ್ಯಾಲ ಅಣ್ಣ ಒಳಗ ಹೋಗಿ ಕೆಂಪ ವಹಿ ತಂದ. ಹೊಳಿ ಬಂದಾಗ ಟ್ರಂಕಿನ ಮ್ಯಾಲ ಇಟ್ಟು ಉಳಿಸಿದ್ದನಂತ. "ಬರಕೋ. ನೀನೂ ನೋಡಿ ಆಡ. ಇಬ್ಬರ ಹತ್ರಾನೂ ಇರಲಿ" ಅಂದ.

ನಾ ಬರಕೋತ ಕುಂತೆ. ಅಣ್ಣ ಅಡಕಿ ಕತ್ತರಿಸಿಕೋತ ಕೇಳಿದ, "ತಂಗೆವ್ವಾ, ಅವತ್ತ ಆ ಕಾಗದ ಓದಿ ಸಹಿ ಮಾಡಿದ್ದೇನ?"

"ಇಲ್ಲ" ಅಂದೆ.

"ನಾನೂ ಓದಿರಲಿಲ್ಲ. ಅವರ ಬರಕೊಟ್ರು, ನಾ ತಂದೆ. ನಿನ್ನ ಕೇಳಬೇಕಿತ್ತು."

ಅಷ್ಟ. ಮುಂದ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹೊಲ ಅವನ ಹೆಸರಲೇನ ಐತಿ, ಇರಲಿ. ನನಗ ಬೇಕಾದ ಮಾತ ಸಿಕ್ಕಿತು. ಆದ್ರ ಇದನ್ನ ಓದೂ ಹೆಣ್ಣಮಕ್ಕಳಿಗೆ ಒಂದ ಮಾತು: ಕೊಡೂದು ಬಿಡೂದು ನಿಮ್ಮ ಖುಷಿ, ಖರೇ ಓದದ ಎಲ್ಲಿಯೂ ಸಹಿ ಮಾಡಬ್ಯಾಡ್ರಿ. 2005ರ ಕಾಯದೆ ಪ್ರಕಾರ ಪಿತ್ರಾರ್ಜಿತದಾಗ ಮಗಳಿಗೂ ಮಗನಷ್ಟ ಹಕ್ಕ ಐತಿ. ಗೊತ್ತಿದ್ದು ಬಿಡೂದು ಬ್ಯಾರೆ, ಗೊತ್ತಿಲ್ಲದ ಬಿಡೂದು ಬ್ಯಾರೆ.

ಈಗ ನಮ್ಮಿಬ್ಬರದು ಕರಾರ ಹಿಂಗ ಐತಿ. ಆಟ ನಡದಾಗ ವಹಿ ನೋಡಬಹುದು, ಹಳೇ ಆಟ ಹುಡುಕಬಹುದು. ಮಶಿನ್ ಕೇಳೂಹಂಗಿಲ್ಲ. ಆಟ ಮುಗಿದಮ್ಯಾಲ ಇಬ್ಬರೂ ಫೋನ್ ಹಚ್ಚಿ ಮಶಿನ್ ಮುಂದ ಪಟ ಇಟ್ಟು ಎಲ್ಲಿ ತಪ್ಪಿದ್ವಿ ಅಂತ ನೋಡತೀವಿ. ಅದಕ್ಕ ಯಾರದೂ ತಕರಾರಿಲ್ಲ, ಕಲಿಯಾಕ ಅದ ಚೊಲೋ ಗುರು. ಮಕ್ಕಳಿಗೂ ಇದನ್ನ ಹೇಳ್ರಿ: ಆಟದ ನಡುವ ಕೇಳಬ್ಯಾಡ್ರಿ, ಆಟ ಮುಗಿದಮ್ಯಾಲ ಬೇಕಾದಷ್ಟ ಕೇಳ್ರಿ. ಯಾವ ಆಟಕ್ಕ ಏನ ನಡೀತೈತಿ ಅಂತ ಸುರುವಿಗೇ ಕೇಳಿ ತಿಳಕೋರಿ.

ನಾ ಇನ್ನೂ ಸೋಲೂದ ಜಾಸ್ತಿ. ಕೆಂಪ ವಹಿಯ ನಕಲು ಮಸಾಲಿ ಡಬ್ಬಿ ಬಾಜೂಕ ಇರತೈತಿ, ಒಂದೆರಡ ಹಾಳಿಗೆ ಅರಿಶಿಣ ಹತ್ತೈತಿ. ಹೋದ ವರ್ಷ ದೀಪಾವಳಿ ಹೊತ್ತಿಗೆ ಒಂದ ಆಟ ಗೆದ್ದೆ, ಯಾರ ಸಹಾಯಾನೂ ಇಲ್ಲದ, ಐವತ್ತೆರಡ ನಡಿ. ಅಣ್ಣ ಫೋನ್ ಮಾಡಿ ಮೊದಲ ಕೇಳಿದ್ದು, "ಇದು ನಿಂದ ಏನವಾ?" ಅಂತ. "ನಂದ" ಅಂದೆ. ಅವ ನಕ್ಕ. ಈ ಸಲ ಹಂಚಿನ ಮ್ಯಾಲ ಖರೇನ ರೊಟ್ಟಿ ಇತ್ತು, ಹೊತ್ತಿ ಹೋತು, ನಾ ಫೋನ್ ಇಡಲಿಲ್ಲ.

ಮುಂದಿನ ಸಲ ಶೇಂಗಾ ಹೋಳಿಗಿ ಬರೀತೀನಿ, ಅವ್ವನ ವಹಿಯೊಳಗಿನ ಪ್ರಮಾಣ. ನಿಮ್ಮ ಮನ್ಯಾಗ ಹಳೇ ಪಟ ಇದ್ರ ಅಟ್ಟದ ಮ್ಯಾಲಿಂದ ಇಳಸ್ರಿ. ಒಂಟಿ ಕಳದಿದ್ರ ಹುಣಸಿಬೀಜ ನಡೀತೈತಿ.